ಲೈಬ್ರರಿಗೆ ನೆನಪು ಬಂದ ಇಪ್ಪತ್ತಾರು ದಿನ

ಅವತ್ತು ಬೆಳಿಗ್ಗೆ ನನ್ನ ಗಂಡನ ಹಿಮ್ಮಡಿಗಳಿಗೆ ಬಟ್ಟೆ ಕಟ್ಟಿದ್ದು ನಾನೇ. ಬೇರೆ ಯಾರ ಮೇಲೂ ತಪ್ಪು ಹಾಕುವ ಹಾಗಿಲ್ಲ. ಎರಡೂ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಹರಳೆಣ್ಣೆಗೆ ಅರಿಸಿನ ಕಲಸಿ ಹಚ್ಚಿ, ಹಳೆಯ ಲಂಗ ಹರಿದು, ಅಂಗಾಲು ಪೂರ್ತಿ ಮುಚ್ಚುವಂತೆ ನಾಲ್ಕು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದೆ. ಕಟ್ಟುತ್ತಲೇ ಜಗಳವನ್ನೂ ಆಡಿದೆ. ನಮ್ಮದು ಗುಂಡಿ, ಲೇಸು, ಹುಕ್ಕು ಮಾರುವ ಸಣ್ಣ ಅಂಗಡಿ. ಹಿಂದಿನ ದಿನ ಒಬ್ಬ ಹೆಂಗಸು ಬಂದು ಕಾದು ಕಾದು ಹೊರಟು ಹೋಗಿದ್ದಳು. ಇವರು ಲೈಬ್ರರಿ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಆ ಪುಸ್ತಕವಾದರೂ ಎರಡು ತಿಂಗಳ ಹಿಂದೆಯೇ ವಾಪಸು ಕೊಡಬೇಕಾಗಿದ್ದದ್ದು. "ನೀವು ಇದ್ದರೂ ಒಂದೇ, ಇಲ್ದಿದ್ರೂ ಒಂದೇ. ಮೊದ್ಲು ಹೋಗಿ ಆ ಪುಸ್ತಕ ಕೊಟ್ಟು ಬರ್ರಿ" ಅಂದೆ. ಅವರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾಲು ಎಳೆಯುತ್ತಾ ಹೋದರು.

ಅವರ ಹೆಸರು ನಾಗೇಂದ್ರಪ್ಪ. ನನ್ನ ಹೆಸರು ಹಾಲಮ್ಮ. ಮದುವೆಯಾಗಿ ಮೂವತ್ತೊಂದು ವರ್ಷ. ಈಗ ನಡೆದದ್ದನ್ನು ಹೇಳುವಾಗ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲಿ ನನಗೆ ಗೊಂದಲವಿಲ್ಲ. ಯಾರು ಯಾರು ಅನ್ನುವುದರಲ್ಲಿ ಇದೆ.

ನಮ್ಮೂರಿನ ನಡುಪೇಟೆಯನ್ನು ಕಟ್ಟಿಸಿದವನು ಸ್ಕಾಟ್‌ಲೆಂಡಿನಿಂದ ಬಂದ ಒಬ್ಬ ದೊರೆ. ತನ್ನ ಊರು ಬಿಟ್ಟು ಬಂದ ಸಂಕಟಕ್ಕೆ, ನೆನಪಿದ್ದಷ್ಟನ್ನು ಇಲ್ಲಿ ಕಲ್ಲಿನಲ್ಲಿ ಎಬ್ಬಿಸಿದನಂತೆ. ಬೂದು ಕಲ್ಲಿನ ಮೂರಂತಸ್ತಿನ ಮನೆಗಳು, ಕಡಿದಾದ ಕಲ್ಲುಹಲಗೆಯ ಮಾಡು, ಎದುರಿಂದ ಯಾರಾದರೂ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕಾದ ಓಣಿಗಳು, ನಡುವೆ ಸಂತೆ ಚೌಕ, ಚೌಕದಲ್ಲಿ ಒಂದು ಕಂಬ, ಕಂಬದ ತುದಿಯಲ್ಲಿ ಹಣೆಗೆ ಒಂದೇ ಕೊಂಬಿರುವ ಕುದುರೆ. ಬಿಸಿಲಿಗೆ ಟಾರು ಕರಗುವ ಊರಿನಲ್ಲಿ ಆ ಪುಣ್ಯಾತ್ಮ ಪ್ರತಿ ಮನೆಗೂ ಗೋಡೆಯೊಳಗೆ ಬೆಂಕಿ ಹಾಕಿ ಚಳಿ ಕಾಯಿಸಿಕೊಳ್ಳುವ ಗೂಡು ಇಡಿಸಿದ್ದಾನೆ. ನಮ್ಮ ಮನೆಯ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಗಳಿವೆ. ಪಕ್ಕದ ಮನೆಯವರು ದೇವರನ್ನು ಇಟ್ಟಿದ್ದಾರೆ. ಮೇಲಿನ ಹೊಗೆಗೂಡುಗಳು ಪಾರಿವಾಳಗಳ ಪಾಲಾಗಿವೆ. ಕುದುರೆಗೆ ಶುಕ್ರವಾರ ಕುಂಕುಮ ಇಡುತ್ತಾರೆ, ಯಾಕೆ ಎಂದು ಕೇಳಿದರೆ ಇಡುವವರಿಗೂ ಗೊತ್ತಿಲ್ಲ.

ದೊರೆ ಹೋದ ಮೇಲೆ ಕಟ್ಟಡಗಳು ಕೆಲಸ ಬದಲಾಯಿಸುತ್ತಾ ಬಂದವು. ಉಣ್ಣೆ ತೂಗುವ ಮನೆ ಶಾಲೆಯಾಯಿತು. ಚರ್ಚು ಸಿನಿಮಾ ಟಾಕೀಸಾಯಿತು. ಜೈಲು ಲೈಬ್ರರಿಯಾಯಿತು. ಅದರ ಎದುರಿನ ಕೋರ್ಟು ಈರಕ್ಕನ ಖಾನಾವಳಿಯಾಯಿತು. ಹೀಗೆ ಕೆಲಸ ಬದಲಾದ ಕಟ್ಟಡಗಳಿಗೆ ಒಮ್ಮೊಮ್ಮೆ ಹಳೆಯದು ನೆನಪಿಗೆ ಬರುತ್ತದೆ. ಆಗ ಒಳಗಿನ ಸಾಮಾನು ಒಂದೂ ಬದಲಾಗುವುದಿಲ್ಲ, ಒಳಗಿದ್ದ ಜನ ಬದಲಾಗುತ್ತಾರೆ. ಶಾಲೆಗೆ ನೆನಪು ಬಂದರೆ ಮಕ್ಕಳು ಮೇಷ್ಟ್ರುಗಳೆಲ್ಲ ಸಂಜೆತನಕ ಇಲ್ಲದ ಉಣ್ಣೆ ತೂಗಿ ಕೈ ನೋಯಿಸಿಕೊಂಡು ಮನೆಗೆ ಬರುತ್ತಾರೆ. ಟಾಕೀಸಿಗೆ ನೆನಪು ಬಂದರೆ ಜನ ಎದ್ದು ನಿಂತು ಗೊತ್ತಿಲ್ಲದ ಭಾಷೆಯಲ್ಲಿ ಹಾಡಿ, ಹೊರಗೆ ಬಂದು ಅರ್ಧ ಸಿನಿಮಾ ತಪ್ಪಿತು ಎಂದು ಗೇಟಿನವನ ಮೇಲೆ ರೇಗುತ್ತಾರೆ. ಒಂದು ಗಂಟೆಯೋ ಎರಡು ಗಂಟೆಯೋ, ಕಟ್ಟಡ ಮರೆಯುತ್ತದೆ, ಎಲ್ಲರೂ ಮೊದಲಿನ ಹಾಗೆ ಆಗುತ್ತಾರೆ. ನೆನಪಾದ ಮೇಲೆ ಹೊರಗಿಂದ ಒಳಗೆ ಹೋದವರಿಗೆ ಏನೂ ಆಗುವುದಿಲ್ಲ. ಆದರೆ ಒಳಗಿದ್ದವರನ್ನು ಮರೆಯುವ ಮೊದಲೇ ಹೊರಗೆ ಎಳೆದು ತರಬಾರದು. ಹಿಂದೊಮ್ಮೆ ಒಬ್ಬ ತಾಯಿ ಗಾಬರಿಯಿಂದ ಮಗಳನ್ನು ಶಾಲೆಯಿಂದ ಎಳೆದು ತಂದಳು. ಆ ಮಗಳಿಗೆ ಈಗ ನಲವತ್ತು ವರ್ಷ. ಯಾರು ಸ್ವೆಟರ್ ಹಾಕಿಕೊಂಡಿದ್ದರೂ ಹಿಡಿದು ತೂಕ ಹೇಳುತ್ತಾಳೆ, ತಾಯಿಯ ಗುರುತು ಮಾತ್ರ ಇಲ್ಲ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಕುದುರೆ ಕಂಬಕ್ಕೆ ಒಂದು ಕರಿಹಲಗೆ ತೂಗುಹಾಕಿದೆ. ಅದರ ಮೇಲೆ ಪಾಲಾಕ್ಷಪ್ಪ ಮೇಷ್ಟ್ರು ಇವತ್ತು ಯಾವ ಕಟ್ಟಡಕ್ಕೆ ನೆನಪು ಬಂದಿದೆ ಎಂದು ಬರೆದು, ಮರೆತ ಕೂಡಲೇ ಒರೆಸುತ್ತಾರೆ. ಇನ್ನೊಂದು, ನೆನಪು ಬರುವ ಮೊದಲು ಕಟ್ಟಡದ ಹೊಸ್ತಿಲ ಕಲ್ಲು ತಣ್ಣಗಾಗುತ್ತದೆ. ಬಾವಿ ನೀರಿನ ತಣ್ಣಗಲ್ಲ, ಬೇರೆ ಥರದ್ದು, ಒಮ್ಮೆ ತುಳಿದವರಿಗೆ ಮರೆಯುವುದಿಲ್ಲ. ಅದಕ್ಕೇ ನಮ್ಮೂರಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲನ್ನು ಹೊಸ್ತಿಲ ಮೇಲೆ ಒಂದು ಗಳಿಗೆ ಇಟ್ಟು ಒಳಗೆ ಹೋಗುವುದು. ಮಕ್ಕಳಿಗೆ ನಡಿಗೆ ಬಂದ ಕೂಡಲೇ ಕಲಿಸುವುದು ಇದನ್ನೇ. ನನ್ನ ಗಂಡನೂ ಅವತ್ತು ಚಪ್ಪಲಿ ಬಿಟ್ಟರು, ಹೊಸ್ತಿಲ ಮೇಲೆ ಕಾಲಿಟ್ಟರು. ನಾನು ಕಟ್ಟಿದ ನಾಲ್ಕು ಸುತ್ತಿನ ಬಟ್ಟೆಯ ಒಳಗೆ ಅವರಿಗೆ ತಣ್ಣಗೆ ತಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಿಟ್ಟು ಎಂದುಕೊಂಡೆ. ಮೂರು ಗಂಟೆಗೆ ಚೌಕಕ್ಕೆ ಹೋದರೆ ಹಲಗೆಯ ಮೇಲೆ 'ಜೈಲು' ಎಂದು ಬರೆದಿತ್ತು. ಲೈಬ್ರರಿ ಬಾಗಿಲ ಹೊರಗೆ ಅವರ ಚಪ್ಪಲಿ ಇದ್ದವು. ಒಳಗೆ ಹೋದೆ. ಲೈಬ್ರರಿಯನ್ ತಿಪ್ಪೇಸ್ವಾಮಿ, ಯಾವಾಗಲೂ ತೂಕಡಿಸುವ ಆಸಾಮಿ, ನೆಟ್ಟಗೆ ನಿಂತಿದ್ದ. "ಬಂದ ಕಾರಣವನ್ನು ತಿಳಿಸತಕ್ಕದ್ದು" ಅಂದ. ಅವನ ಹಿಂದೆ ಪೇಪರ್ ಓದುವ ಕೋಣೆ. ಅದಕ್ಕೆ ಮೊದಲಿಂದಲೂ ಕಬ್ಬಿಣದ ಸರಳಿನ ಬಾಗಿಲಿದೆ. ಬಾಗಿಲು ಹಾಕಿತ್ತು. ಒಳಗೆ ನನ್ನ ಗಂಡ ನೆಲದ ಮೇಲೆ ಕೂತಿದ್ದರು, ಪುಸ್ತಕ ಪಕ್ಕದಲ್ಲಿತ್ತು.

"ಏಳ್ರಿ, ಊಟ ಆರಿ ಹೋಯ್ತು" ಅಂದೆ.

ಅವರು ಎದ್ದು ನಿಂತು ಕೈ ಮುಗಿದರು. "ತಾವು ಯಾರೋ ಗೊತ್ತಾಗಲಿಲ್ಲ ತಾಯಿ" ಅಂದರು.

ಸಂಜೆಗೆ ಮರೆಯುತ್ತದೆ ಎಂದುಕೊಂಡೆ. ಮರೆಯಲಿಲ್ಲ. ಮಾರನೇ ದಿನವೂ ಇಲ್ಲ, ಅದರ ಮಾರನೇ ದಿನವೂ ಇಲ್ಲ. ಪಾಲಾಕ್ಷಪ್ಪ ಮೇಷ್ಟ್ರು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಕೂತು ಯೋಚನೆ ಮಾಡಿದರು. "ನೋಡಮ್ಮ ಹಾಲಮ್ಮ, ಇದಕ್ಕೆ ಮುಂಚೆ ಲೈಬ್ರರಿಗೆ ನೆನಪು ಬಂದಾಗೆಲ್ಲ ಒಳಗೆ ಇರ್ತಿದ್ದೋನು ತಿಪ್ಪೇಸ್ವಾಮಿ ಒಬ್ನೇ. ಕಾಯೋಕೆ ಯಾರೂ ಇಲ್ದೆ ಬೇಜಾರಾಗಿ ಅದು ಬೇಗ ಮರೀತಿತ್ತು. ಈಗ ಅದಕ್ಕೊಬ್ಬ ಕೈದಿ ಸಿಕ್ಕವ್ನೆ. ಹೆಂಗೆ ಮರೀತೈತೆ ಹೇಳು? ಕೋರ್ಟು ತೀರ್ಮಾನ ಕೊಡೋವರೆಗೂ ಬಿಡಲ್ಲ ಅದು."

"ಕೋರ್ಟಲ್ಲಿ ಈರಕ್ಕ ರೊಟ್ಟಿ ತಟ್ತಾಳೆ ಮೇಷ್ಟ್ರೇ" ಅಂದೆ.

"ಅದೇ ಕಷ್ಟ" ಅಂದರು. ಖಾನಾವಳಿಗೆ ಕೊನೆಯ ಸಲ ನೆನಪು ಬಂದು ಹನ್ನೊಂದು ವರ್ಷವಾಗಿತ್ತು.

ತಿಪ್ಪೇಸ್ವಾಮಿಯನ್ನು ಕೇಳಿದರೆ ಇನ್ನೂ ಕೆಟ್ಟದ್ದು ಹೇಳಿದ. ಉಣ್ಣೆಯ ಮೂಟೆಯಲ್ಲಿ ಕಲ್ಲು ಇಟ್ಟು ತೂಕಕ್ಕೆ ಮೋಸ ಮಾಡಿದ ಆರೋಪವಂತೆ. ಮೂವತ್ತು ದಿನದೊಳಗೆ ಕೋರ್ಟಿನ ಆಜ್ಞೆ ಬರದಿದ್ದರೆ ಕೈದಿಯನ್ನು ಊರ ಪಡುವಣ ಬಾಗಿಲ ಆಚೆ ಬಿಟ್ಟು ಗಡೀಪಾರು ಮಾಡುವುದು ನಿಯಮವಂತೆ. ನನಗೆ ಆ ಸ್ವೆಟರ್ ತೂಗುವ ಹೆಂಗಸು ಕಣ್ಣ ಮುಂದೆ ಬಂದಳು. ಮರೆಯದ ಕಟ್ಟಡದಿಂದ ಹೊರಗೆ ಬಿಟ್ಟರೆ ನನ್ನ ಗಂಡ ಸಾಯುವ ತನಕ ಉಣ್ಣೆಕಳ್ಳನಾಗಿಯೇ, ನನ್ನ ಪರಿಚಯವೇ ಇಲ್ಲದೆ, ಎಲ್ಲೋ ಅಲೆಯುತ್ತಾರೆ. ಅವತ್ತು ನಾನು ಲೈಬ್ರರಿ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಜನ ನೋಡಿದರು, ನೋಡಲಿ.

ದಿನಾ ಬುತ್ತಿ ಒಯ್ದೆ. ದಿನಾ ಸರಳಿನ ಸಂದಿಯಿಂದ ಅವರು ಕಾಲು ಹೊರಗೆ ಚಾಚುತ್ತಿದ್ದರು, ನಾನು ಬಟ್ಟೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಕಟ್ಟುತ್ತಿದ್ದೆ. "ಸ್ವಲ್ಪ ಬಿಗಿಯಾಯಿತು ತಾಯಿ" ಎನ್ನುತ್ತಿದ್ದರು. "ಬಿಚ್ಚಿ ಬೀಳೋದಕ್ಕಿಂತ ಬಿಗಿ ಇರ್ಲಿ" ಎನ್ನುತ್ತಿದ್ದೆ. ಲೇಸಿನ ಕಟ್ಟಿಗೆ ಗಂಟು ಹಾಕುವಾಗ ನಾನು ಯಾವಾಗಲೂ ಆಡುವ ಮಾತು ಅದು. ಆಮೇಲೆ ಅವರು ಊಟ ಮಾಡುತ್ತಿದ್ದರು. ಹೇಗೆ ಹೇಳಲಿ, ಮೂವತ್ತೊಂದು ವರ್ಷದಲ್ಲಿ ನನ್ನ ಅಡುಗೆಯ ಬಗ್ಗೆ ಈ ಮನುಷ್ಯ ಬಾಯಿ ಬಿಟ್ಟದ್ದು ಉಪ್ಪು ಕಡಿಮೆಯಾದಾಗ ಮಾತ್ರ. ಈ ಕೈದಿ ಒಂದೊಂದು ತುತ್ತಿಗೂ ನಿಲ್ಲಿಸಿ ಹೇಳುತ್ತಿದ್ದ. "ಈ ಹುರುಳಿ ಸಾರಿಗೆ ಒಗ್ಗರಣೆ ಕೊನೆಗೆ ಹಾಕಿದ್ದೀರಿ ಅಲ್ಲವೇ ತಾಯಿ? ಘಮ ಉಳಿದಿದೆ." "ತಾವು ಇಷ್ಟು ದೂರ ಬಿಸಿಲಲ್ಲಿ ಬರುತ್ತೀರಿ, ತಮ್ಮ ಮನೆಯವರು ಏನೂ ಅನ್ನುವುದಿಲ್ಲವೇ?"

"ಏನೂ ಅನ್ನಲ್ಲ. ಅವ್ರಿಗೆ ಓದೋಕೆ ಒಂದು ಪುಸ್ತಕ ಇದ್ರೆ ಸಾಕು" ಅಂದೆ ಒಮ್ಮೆ.

"ತಮ್ಮಂಥವರ ಮನೆಯಲ್ಲಿ ಇದ್ದುಕೊಂಡು ಪುಸ್ತಕ ನೋಡುತ್ತಾರೆಯೇ? ಪಾಪ, ತಿಳಿವಳಿಕೆ ಕಡಿಮೆ" ಅಂದರು.

ನನಗೆ ನಗು ಬಂತು. ದಾರಿಯಲ್ಲಿ ಅದೇ ಮಾತು ನೆನಪಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನನ್ನ ಗಂಡನನ್ನು ಬೈದವನು ನನ್ನ ಗಂಡನೇ. ಹೋಗಲಿ, ನಾನು ಅವತ್ತು ಆಡಿದ ಮಾತಿಗೆ ತಪ್ಪಾಯಿತು ಎಂದು ಹೇಳೋಣವೆಂದರೆ, ಹೇಳಿಸಿಕೊಳ್ಳಬೇಕಾದವರು ಅಲ್ಲಿರಲಿಲ್ಲ. ಆ ಮಾತನ್ನು ಈ ಕೈದಿಗೆ ಹೇಳಿ ಏನು ಪ್ರಯೋಜನ? ಅವನಿಗೆ ನಾನು ಯಾವ ತಪ್ಪೂ ಮಾಡಿರಲಿಲ್ಲ. ಬುತ್ತಿ ಕಟ್ಟುವಾಗ ಹುರುಳಿ ಸಾರಿಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದೆ. ಅದು ಗಂಡನಿಗೆ ಹಾಕಿದ್ದೋ, ಕೈದಿಗೆ ಹಾಕಿದ್ದೋ.

ಒಂಬತ್ತನೇ ದಿನದಿಂದ ಅಂಗಡಿ ಮುಚ್ಚಿ ಈರಕ್ಕನ ಖಾನಾವಳಿಯಲ್ಲಿ ಕೂರತೊಡಗಿದೆ. ಈರಕ್ಕ ನನ್ನ ಬಾಲ್ಯದ ಗೆಳತಿ, ಬಾಯಿ ಜೋರು, ಕೈ ಧಾರಾಳ. ನನ್ನ ಲೆಕ್ಕಾಚಾರ ಅವಳಿಗೆ ಹೇಳಿದೆ. ಕೋರ್ಟಿಗೆ ನೆನಪು ಬರಬೇಕು. ಬಂದಾಗ ನ್ಯಾಯಾಧೀಶರ ಜಾಗದಲ್ಲಿ ಒಬ್ಬರು ಕೂತಿರಬೇಕು. ಹೊಸ್ತಿಲು ತಣ್ಣಗಾದ ಕೂಡಲೇ ಊರಿನವರೆಲ್ಲ ಹೊರಗೆ ಓಡುತ್ತಾರೆ, ಬರೀ ಕೋರ್ಟು ಯಾರಿಗೆ ಏನು ತೀರ್ಮಾನ ಕೊಟ್ಟೀತು?

"ಯಾರು ಕೂರ್ತಾರೆ?" ಅಂದಳು.

"ನಾನೇ."

"ನಿನಗೇ ನೀನು ಗೊತ್ತಿರಲ್ಲ ಕಣೇ ಆವಾಗ. ನಿನ್ ಗಂಡ ಅಂತ ಹೆಂಗೆ ಗೊತ್ತಾಗ್ತೈತೆ?"

"ಅದಕ್ಕೇ ನೀನು ಹೊರಗೆ ಓಡಿ, ನೆನಪು ಬಂದ ಮೇಲೆ ವಾಪಸ್ ಒಳಗೆ ಬಾ. ನಿನಗೇನೂ ಆಗಲ್ಲ. ನನ್ನ ಮುಂದೆ ನಿಂತ್ಕೊಂಡು, ಈ ಮನುಷ್ಯ ಒಳ್ಳೇವ್ನು, ಬಿಟ್ಬಿಡಿ ಅಂತ ಬೇಡ್ಕೋ. ನಾನು ಬಿಡ್ದೆ ಇರ್ತೀನಾ?"

ಈರಕ್ಕ ನನ್ನ ಮುಖ ನೋಡಿದಳು. "ನಿನ್ನ ನಾನು ಚಿಕ್ಕಂದಿನಿಂದ ನೋಡಿದೀನಿ, ಸುಲಭಕ್ಕೆ ಬಿಡೋಳಲ್ಲ ನೀನು" ಎಂದಷ್ಟೇ ಹೇಳಿದಳು.

ನೆನಪು ತರಿಸಲು ನಾವು ಮಾಡದೇ ಬಿಟ್ಟದ್ದು ಇಲ್ಲ. ಗೋಡೆಯ ಕ್ಯಾಲೆಂಡರುಗಳನ್ನು ತೆಗೆದೆವು. ಅಟ್ಟದ ಮೇಲಿದ್ದ ಕೋರ್ಟಿನ ಹಳೆಯ ಬೆಂಚನ್ನು ಇಳಿಸಿ ಒರೆಸಿದೆವು. ವಾದಿಗಳನ್ನು ಕರೆಯುವ ಹಿತ್ತಾಳೆ ಗಂಟೆಗೆ ಹುಣಸೆಹಣ್ಣು ತಿಕ್ಕಿ ಬೆಳಗಿದೆವು. ಗಲ್ಲಾದ ಕುರ್ಚಿ ಮೊದಲಿಂದಲೂ ಎತ್ತರದ ಕಟ್ಟೆಯ ಮೇಲಿದೆ, ನ್ಯಾಯಾಧೀಶರು ಕೂರುತ್ತಿದ್ದದ್ದು ಅಲ್ಲೇ. ನಾನು ದಿನಾ ಅದರಲ್ಲಿ ಕೂತೆ. ಕಟ್ಟಡ ಮಾತ್ರ ರೊಟ್ಟಿ ಮುಳುಗಾಯಿ ಎಣ್ಣೆಗಾಯಿ ಬಿಟ್ಟು ಬೇರೇನೂ ನೆನಪಿಲ್ಲದ ಹಾಗೆ ಬೆಚ್ಚಗೆ ನಿಂತಿತ್ತು. ಇಪ್ಪತ್ತನೇ ದಿನ ಕಳೆಯಿತು. ಇಪ್ಪತ್ತನಾಲ್ಕೂ ಕಳೆಯಿತು.

ಇಪ್ಪತ್ತೈದನೇ ದಿನ ಹನ್ನೆರಡು ಗಂಟೆಯ ಹೊತ್ತಿಗೆ ಇಬ್ಬರು ಗಿರಾಕಿಗಳು ಒಂದು ಕೊಡೆಗಾಗಿ ಜಗಳ ತೆಗೆದರು. ಇಬ್ಬರೂ ನನ್ನದು ಎಂದರು. ಈರಕ್ಕ ಸಮಾಧಾನ ಮಾಡಲು ಹೊರಟಳು, ನಾನು ಸೆರಗು ಹಿಡಿದು ನಿಲ್ಲಿಸಿದೆ. "ಬಿಡು, ಆಡ್ಲಿ" ಅಂದೆ. ಒಬ್ಬ ಹಿಡಿಕೆಯ ಗುರುತು ಹೇಳಿದ. ಇನ್ನೊಬ್ಬ ಸಾಕ್ಷಿ ಕರೆದ. ಸಾಕ್ಷಿ ದೇವರಾಣೆ ಇಟ್ಟ. ಊಟ ಮಾಡುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಎದ್ದು ಎರಡು ಪಕ್ಷವಾದರು. ಆಗ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಮುದುಕ ಕಾಲು ಎಳೆದುಕೊಂಡು "ತಣ್ಣಗಾಯ್ತು!" ಎಂದು ಕೂಗಿದ. ಎಲೆಗಳನ್ನು, ಕೊಡೆಯನ್ನು, ಜಗಳವನ್ನು ಬಿಟ್ಟು ಎಲ್ಲರೂ ಹೊರಗೆ ನುಗ್ಗಿದರು. ಈರಕ್ಕ ಹೊಸ್ತಿಲಾಚೆ ನಿಂತು ನನ್ನ ಕಡೆ ಕೈ ಎತ್ತಿದಳು. ಅಂಗೈ ಮೇಲೆ ಪೆನ್ನಿನಲ್ಲಿ 'ನಾಗೇಂದ್ರಪ್ಪ ನನ್ನ ಗಂಡ, ಬಿಡಬೇಕು' ಎಂದು ಬರೆದುಕೊಂಡಿದ್ದೆ. ಅದನ್ನು ಓದುತ್ತಾ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಪಾದದಿಂದ ಚಳಿ ಹತ್ತಿತು.

ಅಲ್ಲಿಂದ ಮುಂದಿನದನ್ನು ನಾನು ಹೇಳಲಾರೆ. ಈರಕ್ಕ ಹೇಳಿದ್ದನ್ನು ಹೇಳುತ್ತೇನೆ.

ಅವಳು ಒಳಗೆ ಬಂದಾಗ ನಾನು ಅಂಗೈ ನೋಡಿಕೊಳ್ಳುತ್ತಿದ್ದೆನಂತೆ. ಕೊಳೆ ಎಂಬ ಹಾಗೆ ಮುಖ ಕಿವುಚಿ, ಸೆರಗಿಗೆ ಎಂಜಲು ಹಚ್ಚಿ ತಿಕ್ಕಿ ತಿಕ್ಕಿ ಅಳಿಸಿದೆನಂತೆ. ಆಮೇಲೆ ಗಂಟೆ ಹೊಡೆದೆನಂತೆ. ಎದುರು ಕಟ್ಟಡದಿಂದ ತಿಪ್ಪೇಸ್ವಾಮಿ ನನ್ನ ಗಂಡನ ತೋಳು ಹಿಡಿದು ರಸ್ತೆ ದಾಟಿಸಿ ಕರೆತಂದ. ನೆನಪಿರುವ ಒಂದು ಕಟ್ಟಡದಿಂದ ನೆನಪಿರುವ ಇನ್ನೊಂದಕ್ಕೆ ಹೋಗುವುದು ಹೊರಗೆ ಬಂದ ಲೆಕ್ಕವಲ್ಲ. ಚೌಕದ ಜನವೆಲ್ಲ ಕಿಟಕಿಗೆ ಮುತ್ತಿದರು. "ಕೈದಿಯು ಮೂಟೆಯಲ್ಲಿ ಕಲ್ಲು ಇಟ್ಟದ್ದು ನಿಜವೋ?" ಎಂದು ಕೇಳಿದೆನಂತೆ, ನನ್ನದಲ್ಲದ ದನಿಯಲ್ಲಿ.

"ನನಗೆ ನೆನಪಿಲ್ಲ ಸ್ವಾಮಿ. ಇಟ್ಟಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಯಾಕೆ ಸುಳ್ಳು ಹೇಳುತ್ತಾರೆ?" ಅಂದರಂತೆ ಅವರು.

ಈರಕ್ಕ ಬೇಡಿಕೊಂಡಳು. ಒಳ್ಳೆಯ ಮನುಷ್ಯ ಅಂದಳು, ಇರುವೆಗೂ ದಾರಿ ಬಿಡುವವರು ಅಂದಳು. ನಾನು ಕೇಳಲಿಲ್ಲ. "ಇವನಿಗೆ ಜಾಮೀನು ನಿಲ್ಲುವವರು ಯಾರಾದರೂ ಉಂಟೋ?" ಎಂದೆ.

"ನನಗೆ ಈ ಊರಿನಲ್ಲಿ ಯಾರೂ ಇಲ್ಲ ಸ್ವಾಮಿ" ಅಂದರು ನನ್ನ ಗಂಡ. "ಒಬ್ಬ ತಾಯಿ ಮಾತ್ರ ದಿನಾ ಊಟ ತರುತ್ತಾರೆ. ಕಾಲಿಗೆ ಬಟ್ಟೆ ಕಟ್ಟುತ್ತಾರೆ. ಹೆಸರು ಕೇಳಲು ಧೈರ್ಯವಾಗಲಿಲ್ಲ. ಅವರು ನಿಲ್ಲಬಹುದು."

"ಆಕೆಯನ್ನು ಕರೆಯಿರಿ" ಎಂದೆನಂತೆ ನಾನು.

ತಿಪ್ಪೇಸ್ವಾಮಿ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ: ಕೈದಿಗೆ ಊಟ ತರುವ ಹೆಂಗಸು ಹಾಜರಿದ್ದಾಳೆಯೇ? ಕಿಟಕಿಯಲ್ಲಿದ್ದ ಜನ ನನ್ನ ಕಡೆ ಬೆರಳು ತೋರಿಸಿ ಗಲಾಟೆ ಮಾಡಿದರು. ಈರಕ್ಕ ತಡೆಯಲಾರದೆ "ಆಕೆ ನೀನೇ ಕಣೇ ಹಾಲಮ್ಮ!" ಎಂದು ಕಿರುಚಿದಳು. ಇನ್ನೊಂದು ಮಾತು ಆಡಿದರೆ ಅವಳನ್ನೂ ಒಳಗೆ ಹಾಕಿಸುತ್ತೇನೆ ಎಂದೆನಂತೆ. ಅವಳಿಗೆ ಭಯವಾಯಿತು, ಆದರೂ ಬಿಡದೆ "ಹಂಗಾದ್ರೆ ನಾನೇ ಆಕೆ" ಅಂದಳು. ನನ್ನ ಗಂಡ ಅವಳನ್ನು ನೋಡಿ ತಲೆ ಅಲ್ಲಾಡಿಸಿದರು. "ಇವರಲ್ಲ ಸ್ವಾಮಿ. ಸುಳ್ಳು ಹೇಳಿ ಬಿಡಿಸಿಕೊಳ್ಳಲಾರೆ."

ಕೊನೆಗೆ ನಾನು ಊಟದ ಬಿಲ್ಲಿನ ಪುಸ್ತಕ ಎಳೆದುಕೊಂಡು ಅದರ ಹಿಂದೆ ಆಜ್ಞೆ ಬರೆದೆ. ಊಟ ತರುವ ಹೆಂಗಸು ಜೈಲಿಗೆ ಖುದ್ದು ಹಾಜರಾಗಿ, ಕೈದಿಯು ಆಕೆಯನ್ನು ಗುರುತಿಸಿದರೆ, ಅವನನ್ನು ಆಕೆಯ ವಶಕ್ಕೆ ಬಿಡತಕ್ಕದ್ದು. ಕೆಳಗೆ ಗೀಚಿದ ಸಹಿ ನನ್ನದಲ್ಲ. ತಿಪ್ಪೇಸ್ವಾಮಿ ಕೈದಿಯನ್ನು ವಾಪಸು ಕರೆದೊಯ್ದು, ಕೋರ್ಟು ಮರೆತು ನಾನು ಮತ್ತೆ ನಾನಾಗುವಷ್ಟರಲ್ಲಿ ಕತ್ತಲಾಗಿತ್ತು.

"ಸಹಿ ಹಾಕೋ ಮುಂಚೆ ಎಷ್ಟು ಹೊತ್ತು ಸುಮ್ನೆ ಕೂತಿದ್ದೆ ಗೊತ್ತಾ?" ಅಂದಳು ಈರಕ್ಕ. "ಬಾಗಿಲ ಕಡೆನೇ ನೋಡ್ತಾ ಇದ್ದೆ. ಆಕೆ ಬರ್ಲಿ ಅಂತ ನಿನಗೂ ಆಸೆ ಇತ್ತು ಕಣೇ." ಇದನ್ನು ಹೇಳುವಾಗ ಅವಳು ಅತ್ತಳು. ನಾನು ನನ್ನದೇ ಅಂಗೈ ನೋಡಿಕೊಂಡೆ. ತಿಕ್ಕಿದ ಜಾಗ ಕೆಂಪಾಗಿತ್ತು.

ಮಾರನೇ ದಿನ, ಇಪ್ಪತ್ತಾರನೇ ದಿನ, ಎಂದಿನ ಹೊತ್ತಿಗೆ ಬುತ್ತಿ ತೆಗೆದುಕೊಂಡು ಆಜ್ಞೆಯ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲೈಬ್ರರಿಗೆ ಹೋದೆ. ಖುಷಿಯಿಂದಲೇ ಹೋದೆ. ನಾನು ಹೋಗುವುದು, ಅವರು ಹೌದು ಎನ್ನುವುದು, ಮುಗಿಯಿತು. ತಿಪ್ಪೇಸ್ವಾಮಿ ಚೀಟಿ ಓದಿ, ಕೈದಿಯ ಕಡೆ ತಿರುಗಿ, "ದಿನಾ ಊಟ ತರುವ ಹೆಂಗಸು ಇವಳೋ?" ಎಂದು ಕೇಳಿದ.

ಅವರು ನನ್ನನ್ನು ನೋಡಿ ಗಡಬಡಿಸಿ ಎದ್ದರು. ಕೈ ಮುಗಿದರು, ಆದರೆ ದಿನಾ ಮುಗಿಯುತ್ತಿದ್ದ ಹಾಗಲ್ಲ.

"ಅಲ್ಲ" ಅಂದರು. "ಇವರು ನ್ಯಾಯಾಧೀಶರು."

ಬುತ್ತಿಯನ್ನು ಎತ್ತಿ ತೋರಿಸಿದೆ. "ಅಯ್ಯೋ, ನಾನು ಕಣ್ರೀ, ನಾನೇ ದಿನಾ ಬರ್ತಿದ್ನಲ್ಲ" ಅಂದೆ.

"ತಾವು ನಿನ್ನೆ ನನ್ನ ಮುಖ ನೋಡಿದಿರಿ ಸ್ವಾಮಿ. ತಮಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆ ತಾಯಿಯಾಗಿದ್ದರೆ ಗೊತ್ತಾಗುತ್ತಿತ್ತು" ಅಂದರು.

ಸರಿಯಾಗಿಯೇ ಹೇಳಿದರು. ಬುತ್ತಿ ಬಿಚ್ಚಿ ಮುಂದಿಟ್ಟೆ. ಒಂದು ತುತ್ತು ಬಾಯಿಗಿಟ್ಟು "ಅಡುಗೆ ಅವರದ್ದೇ" ಎಂದು ಇನ್ನೂ ಗಾಬರಿಯಾದರು. "ಅವರಿಗೆ ಏನಾಯಿತು? ಅವರ ಬುತ್ತಿ ತಮ್ಮ ಕೈಗೆ ಹೇಗೆ ಬಂತು? ನನ್ನಿಂದ ಅವರಿಗೇನಾದರೂ ತೊಂದರೆಯಾಯಿತೇ?" ನನಗೋಸ್ಕರ ನನ್ನ ಮುಂದೆಯೇ ಕಣ್ಣಲ್ಲಿ ನೀರು ತಂದುಕೊಂಡರು. ತಿಪ್ಪೇಸ್ವಾಮಿ ಚೀಟಿ ಮಡಿಸತೊಡಗಿದ. ಇನ್ನು ನಾಲ್ಕು ದಿನ. ನಾನು ಬರುವುದು, ಅವರು ಅಲ್ಲ ಎನ್ನುವುದು, ನಾಲ್ಕು ಸಲ. ಆಮೇಲೆ ಪಡುವಣ ಬಾಗಿಲು. ನಾನು ನಾನೇ ಎಂದು ತೋರಿಸಲು ನನ್ನ ಹತ್ತಿರ ಏನಿದೆ ಎಂದು ಹುಡುಕಿದೆ, ಒಂದೂ ಸಿಗಲಿಲ್ಲ. ಸರಳಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಕೂತಾಗ ಅವರ ಕಾಲು ಕಣ್ಣಿಗೆ ಬಿತ್ತು. ನಿನ್ನೆ ಬಟ್ಟೆ ಬದಲಾಯಿಸಿರಲಿಲ್ಲ. ಕೋರ್ಟಿಗೂ ಜೈಲಿಗೂ ನಡೆದಾಡಿ ಧೂಳಾಗಿ, ಒಂದು ಕಡೆ ರಕ್ತ ಕಾಣುತ್ತಿತ್ತು. ಬೇರೆ ಯೋಚನೆಯೇ ಬರಲಿಲ್ಲ. "ಕಾಲು ಕೊಡ್ರಿ" ಅಂದೆ. ನ್ಯಾಯಾಧೀಶರ ಮಾತೆಂದೋ ಏನೋ, ಹೆದರಿಕೊಂಡೇ ಸರಳಿನ ಸಂದಿಯಿಂದ ಕಾಲು ಚಾಚಿದರು. ಬಿಚ್ಚಿದೆ, ಒರೆಸಿದೆ, ಎಣ್ಣೆ ಹಚ್ಚಿದೆ. ನಾಲ್ಕು ಸುತ್ತು ಸುತ್ತಿ ಪಾದದ ಕೀಲಿನ ಹೊರಬದಿಗೆ ಗಂಟು ಎಳೆದೆ.

"ಸ್ವಲ್ಪ ಬಿಗಿಯಾಯಿತು" ಅಂದರು ಮೆಲ್ಲಗೆ.

"ಬಿಚ್ಚಿ ಬೀಳೋದಕ್ಕಿಂತ ಬಿಗಿ ಇರ್ಲಿ" ಅಂದೆ. ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು, ಅಷ್ಟೇ.

ಗಂಟಿನ ತುದಿಯನ್ನು ಒಳಗೆ ತುರುಕುತ್ತಿದ್ದೆ. ನಾನು ಮುಖ ಎತ್ತಲಿಲ್ಲ. "ಇವರೇ" ಎನ್ನುವ ಮಾತು ಕೇಳಿಸಿತು. "ಇವರೇ ಆ ತಾಯಿ. ನಿನ್ನೆ ಯಾಕ..."

ಮಾತು ಅಷ್ಟಕ್ಕೇ ನಿಂತಿತು. ನನ್ನ ಕೆಳಗಿನ ಕಲ್ಲು ಬೆಚ್ಚಗಾಯಿತು. ಹಿಂದೆ ತಿಪ್ಪೇಸ್ವಾಮಿ ದೊಡ್ಡದಾಗಿ ಆಕಳಿಸಿದ. ನನ್ನ ಕೈಯಲ್ಲಿದ್ದ ಕಾಲು ಫಕ್ಕನೆ ಹಿಂದಕ್ಕೆ ಹೋಯಿತು.

"ಏ, ಎಷ್ಟು ಬಿಗಿ ಕಟ್ತೀಯೇ ಮಾರಾಯ್ತಿ! ರಕ್ತ ಓಡೋದು ಬ್ಯಾಡ್ವಾ?" ಎಂದು ನನ್ನ ಗಂಡ ಕೂಗಿದರು. ಆಮೇಲೆ ಸುತ್ತ ನೋಡಿ, "ನೀನ್ಯಾಕೆ ಇಲ್ಲಿಗೆ ಬಂದೆ? ಪುಸ್ತಕ ಕೊಡ್ತೀನೋ ಇಲ್ವೋ ಅಂತ ಕಾಯೋಕ್ ಬಂದ್ಯಾ?" ಅಂದರು.

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಎರಡೂ ಇರಬೇಕು. ಬೈಗುಳ ಕೇಳಿ ಎದೆ ಹಗುರಾಯಿತು, ಅದೇ ಉಸಿರಿನಲ್ಲಿ ಒಗ್ಗರಣೆಯ ಘಮ ಕಂಡುಹಿಡಿಯುತ್ತಿದ್ದ ಆ ಕೈದಿ ಇನ್ನು ಎಲ್ಲಿಯೂ ಇಲ್ಲ ಎಂದೂ ಹೊಳೆಯಿತು. ಅವನು ಹೋಗುವಾಗ ಒಂದು ಮಾತೂ ಹೇಳಲಿಲ್ಲ. ನಾನು ಅವನಿಗೆ ಹೆಸರನ್ನೂ ಹೇಳಿರಲಿಲ್ಲ.

ಅವರು ಪುಸ್ತಕವನ್ನು ತಿಪ್ಪೇಸ್ವಾಮಿಯ ಮೇಜಿನ ಮೇಲೆ ಕುಕ್ಕಿ, ಚಪ್ಪಲಿ ಮೆಟ್ಟಿ, ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಬೆನ್ನು ನೋಡಿಯೇ ನನಗೆ ಗೊತ್ತಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ನನಗೆ ಆ ಜಗಳವಾಗಿ ಇಪ್ಪತ್ತಾರು ದಿನ. ಅವರಿಗೆ ಅರ್ಧ ಗಂಟೆ. ಚೌಕದಲ್ಲಿ ಕುದುರೆ ಕಂಬದ ಹತ್ತಿರ ನಿಂತು, ಹಿಂದೆ ತಿರುಗದೆಯೇ ಅಂದರು: "ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂದ್ಯಲ್ಲ."

ಇಷ್ಟು ದಿನ ಈ ಮಾತಿಗಾಗಿಯೇ ಕಾದಿದ್ದೆ. ಹೇಳಿಸಿಕೊಳ್ಳಬೇಕಾದವರು ಈಗ ಎದುರಿಗಿದ್ದರು.

"ಒಂದೇ ಅಲ್ಲ ಕಣ್ರೀ" ಅಂದೆ. "ನೋಡಿದೀನಿ."

"ಯಾವಾಗ ನೋಡಿದೆ?" ಎಂದು ತಿರುಗಿದರು.

ಅವರ ಹಿಂದೆ ಪಾಲಾಕ್ಷಪ್ಪ ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಹಲಗೆ ಒರೆಸುತ್ತಿದ್ದರು. ಇಪ್ಪತ್ತಾರು ದಿನ ಅಲ್ಲೇ ಇದ್ದ ಅಕ್ಷರ, ಎಷ್ಟು ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. "ಮನೆಗೆ ನಡೀರಿ, ಹೇಳ್ತೀನಿ" ಅಂದೆ.